ಮೂರು ಪಿಸ್ತೂಲು, ಒಂದು ಚಿಕ್ಕ ಕೈ

ನನ್ನ ಕೈ ಚಿಕ್ಕದು. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆದರೆ 16 ಸೆಂಟಿಮೀಟರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹೋಲಿಕೆಯಲ್ಲಿ ಪಿಸ್ತೂಲುಗಳಷ್ಟೇ ಈ ಕೈಯೂ ಮುಖ್ಯ.

ನಾನು ಕೊಡಗಿನವಳು. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡುತ್ತಾ ಬೆಳೆದೆ. ಅಪ್ಪನ ಜೋಡುನಳಿಗೆ ಕೋವಿಯಲ್ಲಿ ನಾನೂ ಹೊಡೆದಿದ್ದೇನೆ. ಆದರೆ ಪಿಸ್ತೂಲು ಮುಟ್ಟಿದ್ದು ಟೆಕ್ಸಾಸ್‌ಗೆ ಬಂದು, ಗ್ರೀನ್ ಕಾರ್ಡ್ ಸಿಕ್ಕಿದ ಮೇಲೆ. ಮನೆಯ ಹತ್ತಿರದ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲುಗಳು ಬಾಡಿಗೆಗೆ ಸಿಗುತ್ತವೆ. ಮೂರು ಶನಿವಾರ ಹೋಗಿ ಅಮೆರಿಕದ ಸೇನೆಯ ಹಳೇ ಪಿಸ್ತೂಲು, ಈಗಿನ ಪಿಸ್ತೂಲು, ಹೊಸದನ್ನು ಆರಿಸಲು ಸೇನೆ ನಡೆಸಿದ ಪೈಪೋಟಿಯಲ್ಲಿ ಸೋತ ಪಿಸ್ತೂಲು, ಮೂರನ್ನೂ ಹೊಡೆದು ನೋಡಿದೆ.

ಹಳೆಯದು ಬೆರೆಟಾ 92ಎಫ್‌ಎಸ್. 1985ರಲ್ಲಿ ಎಂ9 ಎಂಬ ಹೆಸರಿನಲ್ಲಿ ಸೇನೆಗೆ ಸೇರಿದ್ದು ಇದೇ ಜಾತಿಯ ಪಿಸ್ತೂಲು. ಈಗಿನದು ಸಿಗ್ ಸಾವರ್ ಕಂಪನಿಯ ಪಿ320, ಸೇನೆಯಲ್ಲಿ ಎಂ17. 2017ರ ಜನವರಿಯಲ್ಲಿ ಆಯ್ಕೆಯಾಯಿತು. ಸೋತದ್ದು ಗ್ಲಾಕ್. ಆ ಪೈಪೋಟಿಗೆ ಕಳಿಸಿದ ಮಾದರಿಯಿಂದಲೇ ಹುಟ್ಟಿದ 19ಎಕ್ಸ್ ಈಗ ಅಂಗಡಿಯಲ್ಲಿ ಸಿಗುತ್ತದೆ. ಒಂದು ವ್ಯತ್ಯಾಸ ಇದೆ: ಸೇನೆಗೆ ಕಳಿಸಿದ ಗ್ಲಾಕ್‌ಗೆ ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ (ಕೈತಪ್ಪಿ ಗುಂಡು ಹಾರದಂತೆ ತಡೆಯುವ ಕೀಲಿ) ಇತ್ತು, ಅಂಗಡಿಯದಕ್ಕೆ ಇಲ್ಲ. ಮೂರೂ 9 ಎಂಎಂ ಗುಂಡಿನವು. ಮೊದಲ ಶನಿವಾರ ಅಗ್ಗ ಅಂತ ತಂದ ಗುಂಡುಗಳಲ್ಲಿ ಎರಡು ಹೊತ್ತಲೇ ಇಲ್ಲ. ಅವತ್ತಿನ ಲೆಕ್ಕ ಬಿಟ್ಟು, ಆಮೇಲೆ ಮೂರಕ್ಕೂ ಒಂದೇ ಪೆಟ್ಟಿಗೆಯ ಒಳ್ಳೆಯ ಗುಂಡು ಬಳಸಿದೆ.

ಸುಮ್ನೆ ನಿಂತು ಗುರಿಯಿಟ್ಟು ನಿಧಾನವಾಗಿ ಹೊಡೆಯುವುದಾದರೆ ಬೆರೆಟಾ ಬಹಳ ಚೆನ್ನಾಗಿದೆ. ಹತ್ತಿರ ಹತ್ತಿರ 950 ಗ್ರಾಂ ತೂಕ, ಉದ್ದನೆಯ ನಳಿಗೆ. ಒದೆತ ಕೈಗೆ ತಾಗಿದ್ದೇ ಗೊತ್ತಾಗುವುದಿಲ್ಲ. ಆದರೆ ರೇಂಜಿನ ಕೋಚ್ ನನ್ನ ಹಾಳೆ ನೋಡಿ ತಲೆ ಅಲ್ಲಾಡಿಸಿದರು. ಅವರು ಇರಾಕಿನಲ್ಲಿ ಎಂ9 ಕಟ್ಟಿಕೊಂಡು ತಿರುಗಿದವರು. ಸೈನಿಕ ಪಿಸ್ತೂಲು ತೆಗೆಯುವುದೇ ರೈಫಲ್ ಕೈಕೊಟ್ಟಾಗ, ಆಗ ಬೇಕಾಗುವುದು ಮೊದಲನೇ ಈಡು, ಹತ್ತನೆಯದಲ್ಲ ಅಂದರು. ಹಾಗಾಗಿ ಪರೀಕ್ಷೆ ಬದಲಾಯಿಸಿದೆ. ಪಿಸ್ತೂಲು ಮೇಜಿನ ಮೇಲೆ, ಸೇಫ್ಟಿ ಇದ್ದರೆ ಹಾಕಿದ್ದು. ಅವರು ಹೇಳಿದ ಕೂಡಲೇ ಎತ್ತಿ ಎರಡು ಈಡು. 10 ಗಜ ದೂರ, ಅಂಗೈಯಗಲದ ವೃತ್ತ. ಒಂದೊಂದಕ್ಕೂ 20 ಸಲ.

ಬೆರೆಟಾದಲ್ಲಿ ಮೊದಲ ಈಡು ವೃತ್ತಕ್ಕೆ ಬಿದ್ದದ್ದು 9 ಸಲ. ಎರಡನೇ ಈಡು 18 ಸಲ! ಅದೇ ಪಿಸ್ತೂಲು, ಅದೇ ಕೈ. ಕಾರಣ ಟ್ರಿಗರ್. ಇದರಲ್ಲಿ ಮೊದಲ ಸಲ ಎಳೆಯುವಾಗ, ಬಡಿದು ಗುಂಡು ಹೊತ್ತಿಸುವ ಹಿಂದಿನ ಸುತ್ತಿಗೆಯನ್ನೂ ಬೆರಳೇ ಮೇಲೆತ್ತಬೇಕು. ಸುಮಾರು ಐದೂವರೆ ಕಿಲೋ ಭಾರ, ಅದೂ ಉದ್ದದ ಎಳೆತ. ಗುಂಡು ಹಾರಿದ ಮೇಲೆ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದೆ ಬಂದು ಸುತ್ತಿಗೆಯನ್ನು ತಾನೇ ಎತ್ತಿ ನಿಲ್ಲಿಸುತ್ತದೆ. ಹಾಗಾಗಿ ಎರಡನೇ ಸಲ ಅರ್ಧಕ್ಕಿಂತ ಕಡಿಮೆ ಭಾರ. ನನ್ನ ತೋರುಬೆರಳಿನ ತುದಿ ಆ ಮೊದಲ ಟ್ರಿಗರ್‌ಗೆ ಬರೀ ತಾಗುತ್ತದೆ. ಎಳೆಯಲು ಹಿಡಿತವನ್ನೇ ಪಕ್ಕಕ್ಕೆ ತಿರುಗಿಸಬೇಕು. ತಿರುಗಿಸಿದರೆ ಗುಂಡು ಎಡಕ್ಕೆ, ಕೆಳಕ್ಕೆ ಹೋಗುತ್ತದೆ. ಸೇಫ್ಟಿ ಸ್ಲೈಡಿನ ಮೇಲೆ, ಎತ್ತರದಲ್ಲಿದೆ. ಅದಕ್ಕೂ ಹೆಬ್ಬೆರಳು ಎಟುಕಲಿಲ್ಲ. 2014ರ ಕೊನೆಯಲ್ಲಿ ಕಂಪನಿ ಹಿಡಿಯನ್ನು ಸಣ್ಣ ಮಾಡಿ ಎಂ9ಎ3 ಎಂಬ ಸುಧಾರಿತ ಮಾದರಿ ಕೊಡುತ್ತೇನೆ ಅಂದಿತ್ತು. ಸೇನೆ ಒಪ್ಪಲಿಲ್ಲ, ಹೊಸ ಪೈಪೋಟಿಯೇ ಬೇಕು ಅಂದಿತು. ಅದು ಸರಿಯಾದ ನಿರ್ಧಾರ. ಹಿಡಿ ಸಣ್ಣದಾದರೂ ಆ ಮೊದಲ ಎಳೆತ ಹಾಗೇ ಇರುತ್ತಿತ್ತಲ್ವಾ?

ಗ್ಲಾಕ್ ಇದಕ್ಕೆ ಪೂರ್ತಿ ವಿರುದ್ಧ. ಹೊರಗೆ ಸುತ್ತಿಗೆ ಇಲ್ಲ, ಸರಿಸುವ ಕೀಲಿ ಇಲ್ಲ. ಸೇಫ್ಟಿ ಟ್ರಿಗರ್‌ನ ನಡುವೆಯೇ ಇರುವ ಒಂದು ಸಣ್ಣ ನಾಲಿಗೆ. ಎಳೆತ ಸುಮಾರು ಎರಡೂವರೆ ಕಿಲೋ, ಮೊದಲನೆಯದೂ ಅಷ್ಟೇ, ಹದಿನೇಳನೆಯದೂ ಅಷ್ಟೇ. ಮೊದಲ ಈಡು 16 ಸಲ, ಎರಡನೆಯದು 16 ಸಲ ವೃತ್ತಕ್ಕೆ ಬಿತ್ತು. ಕಲಿಸಲು ಇಷ್ಟು ಸುಲಭದ ಪಿಸ್ತೂಲು ಇನ್ನೊಂದಿಲ್ಲ ಅನಿಸಿತು. ಆಸ್ಟ್ರಿಯಾದ ಸೇನೆ 1982ರಲ್ಲೇ ಗ್ಲಾಕ್ ಒಪ್ಪಿಕೊಂಡಿತ್ತು. ಬ್ರಿಟನ್ 2013ರಲ್ಲಿ ಹಳೇ ಬ್ರೌನಿಂಗ್ ಪಿಸ್ತೂಲು ಬಿಟ್ಟು ಗ್ಲಾಕ್ 17 ತೆಗೆದುಕೊಂಡಿತು. ತೂಕ ಖಾಲಿ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಸೇರಿ 700 ಗ್ರಾಂ ಆಸುಪಾಸು, ಹಾಗಾಗಿ ಒದೆತ ಸ್ವಲ್ಪ ಚುರುಕು. ಹಿಡಿಯ ಹಿಂಬದಿಗೆ ಪಟ್ಟಿ ಸೇರಿಸಿ ದಪ್ಪ ಮಾಡಬಹುದು. ಆದರೆ ಇದ್ದದ್ದಕ್ಕಿಂತ ಸಣ್ಣ ಮಾಡಲು ದಾರಿ ಇಲ್ಲ. ನನಗೆ ಹೇಗೋ ಸಾಕಾಯಿತು. ನನಗಿಂತ ಚಿಕ್ಕ ಕೈಯವರಿಗೆ ಸಾಲುವುದಿಲ್ಲ.

ಸಿಗ್ ಗೆದ್ದದ್ದು ಇಲ್ಲೇ. ಇದರಲ್ಲಿ ನಿಜವಾದ ಪಿಸ್ತೂಲು ಅಂದರೆ ಒಳಗಿರುವ ಸಣ್ಣ ಲೋಹದ ಚೌಕಟ್ಟು. ಟ್ರಿಗರ್, ಸ್ಪ್ರಿಂಗು ಎಲ್ಲ ಅದರಲ್ಲೇ. ಕ್ರಮಸಂಖ್ಯೆ ಇರುವುದೂ ಅದರ ಮೇಲೆ. ಹೊರಗಿನ ಪ್ಲಾಸ್ಟಿಕ್ ಹಿಡಿ ಬರೀ ಅಂಗಿ ಇದ್ದ ಹಾಗೆ. ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆ. ಬಾಡಿಗೆ ಪಿಸ್ತೂಲಿಗೆ ಮಧ್ಯಮ ಹಿಡಿ ಇತ್ತು. ಕೋಚ್ ಕೆಲವೇ ನಿಮಿಷದಲ್ಲಿ ಬಿಚ್ಚಿ ಚಿಕ್ಕದು ಹಾಕಿಕೊಟ್ಟರು. ಮೊದಲ ಬಾರಿಗೆ ಒಂದು ಪಿಸ್ತೂಲು ನನ್ನ ಕೈಗೆಂದೇ ಮಾಡಿದ ಹಾಗೆ ಕೂತಿತು. ಬೆರಳು ಟ್ರಿಗರ್‌ನ ಮೇಲೆ ನೇರವಾಗಿ ಬಿತ್ತು. ಸೇಫ್ಟಿ ಎರಡೂ ಬದಿಗೆ ಇರುವುದರಿಂದ ಎಡಗೈಯವರಿಗೂ ತೊಂದರೆ ಇಲ್ಲ.

ಸಂಖ್ಯೆ ಹೇಳುತ್ತೇನೆ: 20ರಲ್ಲಿ 17 ಸಲ ಮೊದಲ ಈಡು ಸರಿಯಾಗಿ ಬಿತ್ತು. ಉಳಿದ 3 ಸಲ ಗುರಿ ತಪ್ಪಿದ್ದಲ್ಲ. ಗುಂಡೇ ಹಾರಲಿಲ್ಲ. ಸೇಫ್ಟಿ ಇಳಿಸಲು ನಾನು ಮರೆತಿದ್ದೆ. ಯಾರೂ ನನ್ನ ಮೇಲೆ ಗುಂಡು ಹಾರಿಸುತ್ತಿರಲಿಲ್ಲ, ಮೈಯಲ್ಲಿ ಹೆದರಿಕೆ ಇರಲಿಲ್ಲ, ಆದರೂ ಮೂರು ಸಲ ಮರೆತೆ. ವರ್ಷಕ್ಕೆ ಒಂದೋ ಎರಡೋ ಸಲ ಪಿಸ್ತೂಲು ಹೊಡೆಯುವ ಸೈನಿಕನಿಗೆ ಹೆಬ್ಬೆರಳಿನ ಈ ಅಭ್ಯಾಸ ಹೇಗೆ ಬರಬೇಕು? ಅಮೆರಿಕದ ಸೇನೆ ಸೇಫ್ಟಿ ಬೇಕೇ ಬೇಕು ಅಂತ ಹಟ ಹಿಡಿದಿತ್ತು. ಕೈತಪ್ಪಿ ಹಾರುವ ಗುಂಡಿನ ಹೆದರಿಕೆ ನನಗೂ ಅರ್ಥವಾಗುತ್ತದೆ. ಆದರೆ ಸೇಫ್ಟಿ ಕೊಟ್ಟವರು ಅದಕ್ಕೆ ತಕ್ಕಷ್ಟು ಗುಂಡು, ತಕ್ಕಷ್ಟು ತರಬೇತಿ ದಿನಗಳನ್ನೂ ಕೊಡಬೇಕು.

ಇನ್ನು ಆಯ್ಕೆ ನಡೆದ ರೀತಿ. ಸಿಗ್ ಕೇಳಿದ್ದು 169.5 ದಶಲಕ್ಷ ಡಾಲರ್, ಗ್ಲಾಕ್ ಕೇಳಿದ್ದು 272.2 ದಶಲಕ್ಷ. ನೂರು ದಶಲಕ್ಷಕ್ಕೂ ಜಾಸ್ತಿ ವ್ಯತ್ಯಾಸ. ಸೇನೆ ಸಿಗ್ ಒಂದನ್ನೇ ಆರಿಸಿ, ಇಬ್ಬರನ್ನೂ ಮುಂದಿನ ಸುತ್ತಿನ ಪರೀಕ್ಷೆಗೆ ಒಯ್ಯದೆ ಮುಗಿಸಿತು. ಗ್ಲಾಕ್ ದೂರು ಕೊಟ್ಟಿತು. ನಿಯಮದಲ್ಲಿ ಅದಕ್ಕೆ ಅವಕಾಶ ಇದೆ ಅಂತ 2017ರ ಜೂನ್‌ನಲ್ಲಿ ದೂರು ಬಿದ್ದುಹೋಯಿತು. ನಿಯಮ ಸರಿ ಇರಬಹುದು. ಆದರೂ ಆ ಎರಡನೇ ಸುತ್ತು ನಡೆಯಬೇಕಿತ್ತು ಅಂತಲೇ ನಾನು ಹೇಳುತ್ತೇನೆ. 2018ರ ಜನವರಿಯಲ್ಲಿ ಬಂದ ಅಮೆರಿಕದ ರಕ್ಷಣಾ ಇಲಾಖೆಯದೇ ವರದಿಯಲ್ಲಿ, ಕೆಳಗೆ ಬಿದ್ದಾಗ ಗುಂಡು ಹಾರಿದ್ದು, ಅದಕ್ಕಾಗಿ ಟ್ರಿಗರ್‌ನ ಭಾಗಗಳನ್ನು ಹಗುರ ಮಾಡಿ ಬದಲಿಸಿದ್ದು ಎರಡೂ ಇವೆ. ಹೊಡೆದ ಗುಂಡಿನ ಖಾಲಿ ಕೋಶದ ಜೊತೆ ಹೊಡೆಯದ ಗುಂಡೂ ಹೊರಗೆ ಬೀಳುತ್ತಿದ್ದ ವಿಷಯವೂ ಅದರಲ್ಲಿದೆ. ಅಂಗಡಿಯ ಪಿ320ಕ್ಕೂ 2017ರ ಆಗಸ್ಟ್‌ನಲ್ಲಿ ಕಂಪನಿ ಉಚಿತ ಬದಲಾವಣೆ ಘೋಷಿಸಿತ್ತು. ಟ್ರಿಗರ್ ಮುಟ್ಟದೆಯೇ ಹಾರಿತು ಎಂಬ ದಾವೆಗಳು ಆಮೇಲೂ ನಡೆದಿವೆ, ಕಂಪನಿ ಅಲ್ಲಗಳೆಯುತ್ತದೆ. 2025ರ ಜುಲೈನಲ್ಲಿ ವಯೋಮಿಂಗ್‌ನ ವಾಯುನೆಲೆಯಲ್ಲಿ ಒಬ್ಬ ಯೋಧ ಸತ್ತಾಗ ವಾಯುಪಡೆಯ ಒಂದು ವಿಭಾಗ ಇದರ ತಮ್ಮನಾದ ಎಂ18 ಬಳಕೆಯನ್ನೇ ನಿಲ್ಲಿಸಿತು. ಆಮೇಲೆ ಆ ಸಾವಿಗೆ ಸಂಬಂಧಿಸಿ ಇನ್ನೊಬ್ಬ ಯೋಧನ ಬಂಧನವಾಯಿತು, ಪಿಸ್ತೂಲುಗಳನ್ನು ತಪಾಸಣೆ ಮಾಡಿ ಮತ್ತೆ ಬಳಕೆಗೆ ತಂದರು. ಆದರೆ ಒಮ್ಮೆ ಹುಟ್ಟಿದ ಅನುಮಾನ ಬೇಗ ಹೋಗುವುದಿಲ್ಲ. ಸೊಂಟದಲ್ಲಿರುವ ಪಿಸ್ತೂಲಿನ ಮೇಲೆ ಸೈನಿಕನಿಗೆ ಅನುಮಾನ ಇರಲೇಬಾರದು.

ಹಾಗಾದರೆ ನನ್ನ ಆಯ್ಕೆ? ಊರಿನ ತೆಂಗಿನಕಾಯಿ ಪಂದ್ಯಕ್ಕಾದರೆ ಬೆರೆಟಾ. ಇವತ್ತೇ ಸಾವಿರ ಜನರಿಗೆ ಹಂಚಬೇಕು, ಕಲಿಸಲು ಸಮಯ ಕಡಿಮೆ ಅಂದರೆ ಗ್ಲಾಕ್. ಸಿಗ್‌ನ ಹಿಡಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಆದರೂ ಅದಕ್ಕೆ ಎರಡನೇ ಜಾಗ.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಪ್ಪ ಕೇಳಿದ್ದು ನಮ್ಮ ಸೇನೆಯ ಬಗ್ಗೆ. ನಮ್ಮಲ್ಲಿ ದಶಕಗಳಿಂದ ಇರುವುದು ಬ್ರೌನಿಂಗ್ ಹೈ-ಪವರ್ ಮಾದರಿಯ 9 ಎಂಎಂ 1ಎ, 13 ಗುಂಡಿನ ಪಿಸ್ತೂಲು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳು ಸೈನಿಕರಾಗಿ ಹೊರಬಂದರು, ಆ ದಳದ ಮೊದಲ ಮಹಿಳಾ ತಂಡ. ಹೊಸ ಪಿಸ್ತೂಲು ಆರಿಸುವ ದಿನ ಪರೀಕ್ಷೆಯ ಮೈದಾನಕ್ಕೆ ಅಂಥವರಲ್ಲಿ ಇಪ್ಪತ್ತು ಜನರನ್ನು ಕರೆಯಲಿ. ಕೈ ಅಳೆಯಲಿ. ಮೇಜಿನ ಮೇಲಿಂದ ಎತ್ತಿ, ಮೊದಲ ಈಡು ಮಾತ್ರ ಎಣಿಸಲಿ.