ಐಎವೈಪಿ ಪ್ರಶಸ್ತಿ ತಗೊಂಡ್ರ ಸೀಟ್ ಸಿಗತೈತೇನ್ರೀ?

"ಸರ್, ಈ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತಾರಲ್ಲ, ಅದನ್ನ ಮಾಡಿದ್ರ ಮುಂದ ಸೀಟ್ ಸಿಗತೈತೇನ್ರೀ?" ಹದಿಹರೆಯದವರ ಮೂರು ಮಟ್ಟದ ಐಎವೈಪಿ ಪ್ರಶಸ್ತಿಯ ಮಾತು ಬಂದರೆ ಹುಬ್ಬಳ್ಳಿ-ಧಾರವಾಡದ ಪಾಲಕರು ಮೊದಲು ಕೇಳುವುದೇ ಇದನ್ನು. ಹಾಗಾಗಿ ಯಾವ ದಾರಿಗೆ ಇದು ಎಷ್ಟು ಉಪಯೋಗ ಎಂಬುದಕ್ಕೆ ಅಂಕಗಳನ್ನು ಮೊದಲೇ ಕೊಟ್ಟುಬಿಡುತ್ತೇವೆ. ಕೆಸಿಇಟಿ, ನೀಟ್, ಜೆಇಇ ದಾರಿಯವರಿಗೆ 5ಕ್ಕೆ 0. ಇಂಗ್ಲೆಂಡಿಗೆ 2. ಅಮೆರಿಕಕ್ಕೆ ಮತ್ತು ಪ್ರಬಂಧ, ಸಂದರ್ಶನ ನೋಡಿ ಸೀಟು ಕೊಡುವ ನಮ್ಮ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಿಗೆ 3.5. ಸೀಟಿನ ಚಿಂತೆ ಬದಿಗಿಟ್ಟು, ಹದಿನಾರರ ಮಗು ವರ್ಷವಿಡೀ ವಾರ ತಪ್ಪಿಸದೆ ಒಂದು ಕೆಲಸ ಹಿಡಿಯುವುದನ್ನು ಕಲಿಯಲಿ ಎನ್ನುವವರಿಗೆ ಧಾರಾಳವಾಗಿ 4.5.

ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್, ಅಂದರೆ ಐಎವೈಪಿ, ಬ್ರಿಟನ್ನಿನ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿಯ ಭಾರತದ ರೂಪ. ರಾಜಕುಮಾರ ಫಿಲಿಪ್ 1956ರಲ್ಲಿ ಅಲ್ಲಿ ಆರಂಭಿಸಿದ್ದು 1962ರಲ್ಲಿ ನಮ್ಮ ದೇಶಕ್ಕೆ ಬಂತು. 14 ವರ್ಷ ತುಂಬಿದವರು ಸೇರಬಹುದು, 25 ತುಂಬುವುದರೊಳಗೆ ಮುಗಿಸಬೇಕು. ಹೆಸರು ಪ್ರಶಸ್ತಿ ಅಂತಿದ್ದರೂ ಇಲ್ಲಿ ಸ್ಪರ್ಧೆ ಇಲ್ಲ, ಯಾರನ್ನೂ ಸೋಲಿಸಬೇಕಿಲ್ಲ. ಹೇಳಿದಷ್ಟು ವಾರ, ಹೇಳಿದ ರೀತಿಯಲ್ಲಿ ಮುಗಿಸಿದ ಎಲ್ಲರಿಗೂ ಸಿಗುತ್ತದೆ. ಪದಕಕ್ಕಿಂತ ಇದು ಹಾಜರಿ ಪುಸ್ತಕಕ್ಕೆ ಹತ್ತಿರ. ಅರ್ಜಿ ಓದುವವರಿಗೂ ಇದು ಗೊತ್ತು.

ನಮ್ಮ ಕಡೆಯ ಸೀಟುಗಳ ಲೆಕ್ಕ ಸರಳ. ಎಂಜಿನಿಯರಿಂಗ್‌ಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಿಯುಸಿ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ತೂಕ ಕೊಟ್ಟು ರ್‍ಯಾಂಕ್ ತೆಗೆಯುತ್ತದೆ. ನೀಟ್‌ನಲ್ಲಿ 720ಕ್ಕೆ ಎಷ್ಟು ಬಂತು ಎಂಬುದೊಂದೇ ಪ್ರಶ್ನೆ. ಧಾರವಾಡದ ಐಐಟಿ ಊರಿನ ಪಕ್ಕದಲ್ಲೇ ಇದ್ದರೂ ಬಾಗಿಲು ತೆರೆಯುವುದು ಜೆಇಇ ಅಡ್ವಾನ್ಸ್ಡ್ ರ್‍ಯಾಂಕಿಗೆ ಮಾತ್ರ. ಗೋಲ್ಡ್ ಪ್ರಮಾಣಪತ್ರಕ್ಕೆ ಈ ಕೌಂಟರುಗಳಲ್ಲಿ ಜಾಗವೇ ಇಲ್ಲ. ಆದರೆ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್-ಗೈಡ್ಸ್‌ಗೆ ಕೆಇಎ ವಿಶೇಷ ವರ್ಗ ಇಟ್ಟಿದೆ. ಯಾವ ಮಟ್ಟದ ಪ್ರಮಾಣಪತ್ರ ನಡೆಯುತ್ತದೆ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ನೋಡಿ, ಸಿಇಟಿ ಅರ್ಜಿ ತುಂಬುವಾಗಲೇ ಆ ಕಾಲಂ ತುಂಬಬೇಕು. ರ್‍ಯಾಂಕ್ ಬಂದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಇನ್ನು ಬಿಎಸ್ಸಿ ಕೃಷಿ ಬಯಸುವ ಗದಗ, ಹಾವೇರಿಯ ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಹೊಲದಲ್ಲಿ ಕಣ್ಣಿಟ್ಟು ಬೆಳೆದ ಮಗುವಿಗೆ ಯಾವ ಚಿನ್ನದ ಬ್ಯಾಡ್ಜೂ ಕೊಡದ ಅನುಕೂಲ ಅದು. ಹತ್ತನೆಯದರ ನಂತರ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕೋಚಿಂಗ್ ಹಾಸ್ಟೆಲಿನಲ್ಲಿ ಇರಬೇಕಾದ ವಿದ್ಯಾರ್ಥಿಯನ್ನು ಈ ಯೋಜನೆಗೆ ಸೇರಿಸುವುದು ಹಣ, ಹೊತ್ತು ಎರಡಕ್ಕೂ ದಂಡ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಕಡೆ ನೋಡುವವರಿಗೂ ಅಷ್ಟೇ. ಅಲ್ಲಿ ಅಂಕಪಟ್ಟಿ, ಆ ದಾಖಲೆಗಳು ಅಸಲಿಯೇ ಎಂದು ನೋಡುವ ಎಪಿಎಸ್ ಪರಿಶೀಲನೆ, ಜೆಇಇ ಅಡ್ವಾನ್ಸ್ಡ್ ಪಾಸು ಅಥವಾ ಸ್ಟುಡಿಯೆನ್‌ಕೊಲೆಗ್ ಎಂಬ ತಯಾರಿ ಕೋರ್ಸು, ಇವುಗಳದ್ದೇ ಮಾತು. ಚಾರಣ ಮಾಡಿದ್ದೀರಾ ಎಂದು ಯಾರೂ ಕೇಳುವುದಿಲ್ಲ.

ಇಂಗ್ಲೆಂಡಿನಲ್ಲಿ ಈ ಪ್ರಶಸ್ತಿಯ ಹೆಸರು ಎಲ್ಲರಿಗೂ ಗೊತ್ತು, ಆದರೆ ಅಲ್ಲಿನ ವಿಶ್ವವಿದ್ಯಾಲಯಗಳ ಅರ್ಜಿ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಯುಕಾಸ್‌ನ ಅಂಕ ಇದಕ್ಕಿಲ್ಲ. ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಮಂಡಳಿಗಳು ನಡೆಸುವ ಸಂಗೀತ ಪರೀಕ್ಷೆಯ 6ರಿಂದ 8ನೇ ಗ್ರೇಡಿಗೆ ಆ ಅಂಕ ಉಂಟು. ನಮ್ಮಲ್ಲಿ ಮಕ್ಕಳು ಕಟ್ಟುವ ಗಾಂಧರ್ವ ಮಹಾವಿದ್ಯಾಲಯದ ಪರೀಕ್ಷೆಗೆ ಇಲ್ಲ. (ಬೇಸರ ಬೇಡ. ಭಾರತದಿಂದ ಹೋಗುವವರಿಗೆ ಆಫರ್ ಬರುವುದು ಬಹುಪಾಲು ಹನ್ನೆರಡನೆಯದರ ಅಂಕದ ಮೇಲೆ.) 2026ರ ಪ್ರವೇಶದಿಂದ ಯುಕಾಸ್ ಪರ್ಸನಲ್ ಸ್ಟೇಟ್‌ಮೆಂಟ್, ಅಂದರೆ ಅರ್ಜಿಯ ಜೊತೆಗಿನ ಸ್ವಂತ ಬರಹ, ಮೂರು ಪ್ರಶ್ನೆಗಳಾಗಿ ಒಡೆದಿದೆ. ಒಟ್ಟು 4,000 ಅಕ್ಷರ, ಒಂದೊಂದಕ್ಕೂ ಕನಿಷ್ಠ 350. ಈ ವಿಷಯ ಏಕೆ ಎಂಬುದು ಮೊದಲನೆಯದು, ಓದು ನಿಮ್ಮನ್ನು ಹೇಗೆ ತಯಾರು ಮಾಡಿದೆ ಎಂಬುದು ಎರಡನೆಯದು, ತರಗತಿಯ ಹೊರಗೆ ಏನು ಮಾಡಿದ್ದೀರಿ, ಅದು ಹೇಗೆ ಉಪಯೋಗಕ್ಕೆ ಬಂತು ಎಂಬುದು ಮೂರನೆಯದು. ಪ್ರಶಸ್ತಿಯ ಮಾತು ಬರಬೇಕಾದ್ದು ಮೂರನೆಯದರಲ್ಲಿ, ಅದೂ ಎರಡು ವಾಕ್ಯ ಮೀರದಂತೆ. ಆಕ್ಸ್‌ಫರ್ಡ್, ಕೇಂಬ್ರಿಜ್‌ನಂಥ ಕಡೆ ಆರಿಸಿಕೊಂಡ ವಿಷಯದಲ್ಲಿ ಎಷ್ಟು ಆಳಕ್ಕೆ ಇಳಿದಿದ್ದೀರಿ ಎಂಬುದೇ ಮುಖ್ಯ. ಗಣಿತ ಓದಬೇಕೆನ್ನುವವರು ಗೋಲ್ಡ್ ಹಿಂದೆ ಓಡುವುದಕ್ಕಿಂತ ಗಣಿತ ಒಲಿಂಪಿಯಾಡ್‌ನ ಮೊದಲ ಸುತ್ತಾದ ಐಒಕ್ಯೂಎಂ ಬರೆಯಲಿ: 3 ತಾಸು, 30 ಪ್ರಶ್ನೆ, 100 ಅಂಕ. ಅಲ್ಲಿಂದ ರಾಷ್ಟ್ರಮಟ್ಟದ ಸುತ್ತು ಐಎನ್‌ಎಂಒ ತನಕ ಹೋಗಿ ಚೆನ್ನಾಗಿ ಮಾಡಿದವರಿಗೆ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನಂಥ ಕಡೆ ನಿಜವಾದ ಬೆಲೆ ಇದೆ.

ಅಮೆರಿಕದ ಅನೇಕ ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ 10 ಚಟುವಟಿಕೆ, 5 ಗೌರವಗಳಿಗೆ (ಪ್ರಶಸ್ತಿ, ಬಹುಮಾನ) ಜಾಗ. ಚಟುವಟಿಕೆಯ ವಿವರಣೆಗೆ 150 ಅಕ್ಷರ ಮಾತ್ರ. ವಾರಕ್ಕೆ ಎಷ್ಟು ತಾಸು, ವರ್ಷಕ್ಕೆ ಎಷ್ಟು ವಾರ, ಯಾವ ತರಗತಿಗಳಲ್ಲಿ ಎಂದು ಬೇರೆ ಬೇರೆ ಕೇಳುತ್ತಾರೆ. ಐಎವೈಪಿ ದಾಖಲೆ ಇರುವುದೇ ಈ ಲೆಕ್ಕದಲ್ಲಿ. ಇದರಲ್ಲಿ ಹೆಚ್ಚಿನವರು ಮಾಡುವ ತಪ್ಪು, ಒಂದೂವರೆ ವರ್ಷದ ಕೆಲಸವನ್ನೆಲ್ಲ "ಗೋಲ್ಡ್ ಅವಾರ್ಡ್" ಎಂಬ ಒಂದೇ ಸಾಲಿಗೆ ತುರುಕುವುದು. ಹಾಗೆ ಮಾಡಬೇಡಿ. ಪ್ರಶಸ್ತಿಯ ಹೆಸರು ಗೌರವಗಳ ಪಟ್ಟಿಗೆ ಹೋಗಲಿ. ಸರ್ಕಾರಿ ಶಾಲೆಯಲ್ಲಿ ಓದು ಕಲಿಸಿದ್ದು ಸೇವೆಯ ಸಾಲಾಗಲಿ, ತಬಲಾ ಸಂಗೀತದ ಸಾಲಾಗಲಿ, ಮಲ್ಲಕಂಬ ಕ್ರೀಡೆಯ ಸಾಲಾಗಲಿ. ಒಂದೇ ತಾಸನ್ನು ಎರಡು ಕಡೆ ಎಣಿಸದಿದ್ದರೆ ಸಾಕು. "ಸಮಾಜಸೇವೆಯಿಂದ ನಾಯಕತ್ವ ಗುಣ ಬೆಳೆಯಿತು" ಎಂದು ಬರೆದರೆ ಓದುವವರು ಮುಂದಿನ ಅರ್ಜಿಗೆ ಹೋಗುತ್ತಾರೆ. "52 ಶನಿವಾರ, 4ನೇ ತರಗತಿಯ 14 ಮಕ್ಕಳು, ಕನ್ನಡ ಓದು, ಓದಲು ಬಾರದ 9 ಮಂದಿಯಲ್ಲಿ 7 ಮಂದಿ ಈಗ ಕಥೆ ಓದುತ್ತಾರೆ" ಎಂಬಂಥ ಸಾಲಾದರೆ ನಿಂತು ಓದುತ್ತಾರೆ. ಎಂಐಟಿ ತನ್ನದೇ ಅರ್ಜಿಯಲ್ಲಿ ನಾಲ್ಕೇ ಚಟುವಟಿಕೆ ಕೇಳುತ್ತದೆ, ಅಲ್ಲಂತೂ ಪ್ರಮಾಣಪತ್ರಗಳ ಮೂಟೆ ಬಿಚ್ಚಲು ಜಾಗವೇ ಇಲ್ಲ.

ಈಗ ಕ್ಯಾಲೆಂಡರ್. ಹೆಚ್ಚಿನವರು ಎಡವುವುದು ಇಲ್ಲೇ. ಬ್ರಾಂಜ್‌ಗೆ 14 ವರ್ಷ ತುಂಬಿರಬೇಕು, ಕನಿಷ್ಠ 6 ತಿಂಗಳು. ಸಿಲ್ವರ್‌ಗೆ 15 ವರ್ಷ. ಬ್ರಾಂಜ್ ಮುಗಿದಿದ್ದರೆ 6 ತಿಂಗಳು, ಇಲ್ಲದಿದ್ದರೆ 12. ಗೋಲ್ಡ್‌ಗೆ 16 ವರ್ಷ. ಸಿಲ್ವರ್ ಇದ್ದರೆ 12 ತಿಂಗಳು, ಇಲ್ಲದಿದ್ದರೆ 18. ಪಿಯುಸಿ ಮೊದಲ ವರ್ಷದ ಜೂನ್‌ನಲ್ಲಿ ನೇರವಾಗಿ ಗೋಲ್ಡ್‌ಗೆ ಇಳಿದರೆ ಮುಗಿಯುವುದು ಎರಡನೇ ವರ್ಷದ ಡಿಸೆಂಬರ್‌ಗೆ. ಅಷ್ಟರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ವೈದ್ಯಕೀಯದ ಅಕ್ಟೋಬರ್ 15ರ ಗಡುವು ಹೋಗಿರುತ್ತದೆ, ಅಮೆರಿಕದ ನವೆಂಬರ್ 1ರ ಅರ್ಲಿ (ಮೊದಲ ಸುತ್ತಿನ) ಅರ್ಜಿಯೂ ಹೋಗಿರುತ್ತದೆ, ಮೇಲೆ ಪ್ರಾಯೋಗಿಕ ಪರೀಕ್ಷೆ, ಜನವರಿಯ ಜೆಇಇ ಮೇನ್ ತಲೆಯ ಮೇಲೆ ಬಂದು ಕೂತಿರುತ್ತವೆ. ಒಂಬತ್ತನೆಯದರ ಜುಲೈನಲ್ಲಿ ಬ್ರಾಂಜ್, ಹತ್ತನೆಯದರ ಜೂನ್‌ನಿಂದ ಡಿಸೆಂಬರ್ ಒಳಗೆ ಸಿಲ್ವರ್ (ಜನವರಿಯ ಪೂರ್ವಸಿದ್ಧತಾ ಪರೀಕ್ಷೆಗೆ ಕೈ ಖಾಲಿ), ಪಿಯು ಮೊದಲ ವರ್ಷದ ಜೂನ್‌ನಿಂದ ಗೋಲ್ಡ್ ಎಂದು ಹೊರಟರೆ ಎರಡನೇ ವರ್ಷದ ಜೂನ್‌ಗೆ ಮುಗಿಯುತ್ತದೆ. ಜ್ವರ, ಹಬ್ಬ, ಪರೀಕ್ಷೆ ಅಂತ ಮೂರು ತಿಂಗಳು ಜಾರಿದರೂ ಗಡುವಿನೊಳಗೇ ಇರುತ್ತೀರಿ. ಹತ್ತನೆಯದರ ನಂತರ ಎಚ್ಚೆತ್ತವರಿಗೆ ನೇರ ಸಿಲ್ವರ್ ಸಾಕು. ಅರ್ಧಕ್ಕೆ ನಿಂತ ಗೋಲ್ಡ್‌ಗಿಂತ ಮುಗಿದ ಸಿಲ್ವರ್ ವಾಸಿ.

ಕೆಲಸದ ಪ್ರಮಾಣ ನೋಡಿ. ದೈಹಿಕ ಚಟುವಟಿಕೆ, ಕೌಶಲ, ಸ್ವಯಂಸೇವೆ ಮೂರಕ್ಕೂ ವಾರಕ್ಕೆ ಸರಾಸರಿ ಒಂದೊಂದು ತಾಸು. ಬ್ರಾಂಜ್‌ನಲ್ಲಿ ತಲಾ 13 ವಾರ, ಮೂರರಲ್ಲಿ ಒಂದಕ್ಕೆ ಹೆಚ್ಚುವರಿ 13; ಒಟ್ಟು 52 ತಾಸು. ಸಿಲ್ವರ್‌ನಲ್ಲಿ ತಲಾ 26, ನೇರ ಬಂದವರಿಗೆ ಒಂದರಲ್ಲಿ ಇನ್ನೂ 26. ಗೋಲ್ಡ್‌ನಲ್ಲಿ ತಲಾ 52, ಅಂದರೆ 156 ತಾಸು. ನೇರ ಬಂದವರಿಗೆ 182. ಇದರ ಮೇಲೆ ಸಾಹಸ ಪಯಣ, ಗೋಲ್ಡ್‌ಗೆ ಮಾತ್ರ 5 ಹಗಲು 4 ರಾತ್ರಿಯ ವಸತಿ ಯೋಜನೆ. ಅದು ದಿನಾ ಒಡನಾಡುವ ಗೆಳೆಯರ ಜೊತೆಗಲ್ಲ, ಹೊಸಬರ ಜೊತೆ.

ಕೌಶಲಕ್ಕೆ ನಮ್ಮ ಸೀಮೆ ಹೇಳಿ ಮಾಡಿಸಿದ್ದು. ಧಾರವಾಡದಲ್ಲಿ ಹಿಂದೂಸ್ತಾನಿ ಗಾಯನ, ಹಾರ್ಮೋನಿಯಂ, ತಬಲಾ ಕಲಿಸುವವರಿಗೆ ಕೊರತೆ ಇಲ್ಲ, ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮದ ಪರಂಪರೆಯೇ ಇದೆ. ಗಾಂಧರ್ವ ಪರೀಕ್ಷೆಯ ಫಲಿತಾಂಶ ಜೊತೆಗಿದ್ದರೆ ಕಲಿಕೆಗೆ ಹೊರಗಿನ ಸಾಕ್ಷಿಯೂ ಸಿಗುತ್ತದೆ. ದೈಹಿಕ ವಿಭಾಗಕ್ಕೆ ಗರಡಿ, ಖೊಖೊ, ಮಲ್ಲಕಂಬ ಏನೂ ಆದೀತು. ಕ್ರಿಕೆಟ್ಟೇ ಆಗಬೇಕೆಂದಿಲ್ಲ. ತಿರಸ್ಕಾರವಾಗುವ ಕಾರಣಗಳು ಮಾತ್ರ ಎಲ್ಲ ಕಡೆ ಅವೇ. ಗಣಿತದ ಟ್ಯೂಷನ್ನನ್ನು ಕೌಶಲ ಎಂದು ತೋರಿಸುತ್ತಾರೆ. ಅಪ್ಪನ ಅಂಗಡಿಯಲ್ಲಿ ಕೂತಿದ್ದನ್ನು ಸೇವೆ ಎನ್ನುತ್ತಾರೆ. ಅಸೆಸರ್, ಅಂದರೆ ಕೆಲಸ ನೋಡಿ ದೃಢೀಕರಿಸುವವರ ಜಾಗದಲ್ಲಿ ಅತ್ತೆಯೋ ಚಿಕ್ಕಪ್ಪನೋ ಸಹಿ ಹಾಕುತ್ತಾರೆ, ಮನೆಯವರ ಸಹಿ ಅಲ್ಲಿ ನಡೆಯುವುದಿಲ್ಲ. ಒಂದು ಭಾನುವಾರ ಉಣಕಲ್ ಕೆರೆ ದಂಡೆಯಲ್ಲಿ ಎಂಟು ತಾಸು ಕಸ ಆರಿಸಿ ಎಂಟು ವಾರ ತುಂಬುತ್ತಾರೆ. ಆದರೆ ಒಂದು ದಿನದ ಕೆಲಸ ಎಷ್ಟೇ ಉದ್ದವಾದರೂ ಎಂಟು ವಾರ ಬಿಡದೆ ಮಾಡಿದ ಕೆಲಸ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಕೊನೆಯ ರಾತ್ರಿ ಕೂತು 26 ವಾರಕ್ಕೂ "ಇಂದು ಅಭ್ಯಾಸ ಮಾಡಿದೆ" ಎಂದು ಆನ್‌ಲೈನ್ ರೆಕಾರ್ಡ್ ಬುಕ್ ತುಂಬುವುದು. ತಾರೀಖು, ತಾಸು, ಆ ವಾರ ಹೊಸದಾಗಿ ಬಂದದ್ದೇನು, ಎಡವಿದ್ದೆಲ್ಲಿ ಎಂದು ನಾಲ್ಕು ಸಾಲು ಅದೇ ದಿನ ಬರೆದಿಟ್ಟರೆ ಮುಂದೆ ಪ್ರಬಂಧಕ್ಕೆ ಸಾಮಗ್ರಿಯೂ ಅದೇ ಆಗುತ್ತದೆ.

ಸಾಹಸ ಪಯಣದಲ್ಲಿ ಬಸ್ ಹತ್ತಿ ಹೋಗಿ ರಿಸಾರ್ಟಿನಲ್ಲಿ ಬೆಂಕಿ ಹಾಕಿ ಕುಣಿದು ಬಂದದ್ದು ಲೆಕ್ಕಕ್ಕಿಲ್ಲ. 4ರಿಂದ 7 ಜನರ ತಂಡ, ಸ್ವಂತ ಶ್ರಮದ ಪ್ರಯಾಣ, ಮೊದಲು ತರಬೇತಿ, ಆಮೇಲೆ ಅಭ್ಯಾಸ ಪಯಣ, ಕೊನೆಗೆ ಅಸಲು ಪಯಣ. ಬ್ರಾಂಜ್‌ಗೆ 2 ಹಗಲು 1 ರಾತ್ರಿ, ದಿನಕ್ಕೆ 6 ತಾಸು. ಸಿಲ್ವರ್‌ಗೆ 3 ಹಗಲು 2 ರಾತ್ರಿ, 7 ತಾಸು. ಗೋಲ್ಡ್‌ಗೆ 4 ಹಗಲು 3 ರಾತ್ರಿ, 8 ತಾಸು. ಪಯಣಕ್ಕೆ ಒಂದು ಉದ್ದೇಶವೂ ಬೇಕು. ಸೈಕಲ್ ಮೇಲೆ ಗದಗಿನಿಂದ ಲಕ್ಕುಂಡಿಗೆ ಹೋಗಿ ಬಾವಿಗಳ ಅಳತೆ, ನೀರಿನ ಸ್ಥಿತಿ ದಾಖಲಿಸಬಹುದು. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಎಣಿಸಬಹುದು, 2024ರಲ್ಲಿ ರಾಮ್‌ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿ ಸೇರಿದ ಕೆರೆ ಅದು. ಹಾವೇರಿ ಕಡೆಯವರಿಗೆ ಬಂಕಾಪುರದ ಕೋಟೆ ಮತ್ತು ನವಿಲು. ಕಪ್ಪತಗುಡ್ಡ ವನ್ಯಜೀವಿಧಾಮ, ಅಲ್ಲಿ ಕಾಲಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಬೇಕು. ನವೆಂಬರ್‌ನಿಂದ ಜನವರಿ ಒಳಗೆ ಮುಗಿಸಿ. ಏಪ್ರಿಲ್ ರಜೆಯಲ್ಲಿ ಗದಗಿನ ಬಿಸಿಲಿಗೆ ದಿನಕ್ಕೆ 8 ತಾಸು ಮಕ್ಕಳನ್ನು ನಡೆಸುವುದು ಸಾಹಸವಲ್ಲ, ಹುಚ್ಚು.

ಹಣದ ವಿಚಾರ. ಈ ಯೋಜನೆಯನ್ನು ಅವಾರ್ಡ್ ಸೆಂಟರ್, ಅಂದರೆ ಇದನ್ನು ನಡೆಸಲು ಪರವಾನಗಿ ಇರುವ ಸಂಸ್ಥೆಯ ಮೂಲಕವೇ ಮಾಡಬೇಕು, ಶುಲ್ಕ ಒಂದೊಂದು ಕಡೆ ಒಂದೊಂದು. ನೋಂದಣಿಗೆ ಎಷ್ಟು, ಶಿಬಿರಕ್ಕೆ ಎಷ್ಟು, ಟೆಂಟು-ಚೀಲದ ಬಾಡಿಗೆ ಸೇರಿದೆಯೇ, ಪಯಣ ರದ್ದಾದರೆ ಏನು ಎಂದು ಬರಹದಲ್ಲಿ ಕೇಳಿ. ದುಡ್ಡು ಹೆಚ್ಚು ಕರಗುವುದು ನೋಂದಣಿಯಲ್ಲಲ್ಲ, ಶಿಬಿರದಲ್ಲಿ. ಮಕ್ಕಳಿಗೆ ಮಾರ್ಗದರ್ಶನ ಮಾಡುವ ಅವಾರ್ಡ್ ಲೀಡರ್ ಯಾರು, ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದನ್ನೂ ಕೇಳಿ. ಅರವತ್ತು ಮಕ್ಕಳ ರೆಕಾರ್ಡ್ ಬುಕ್ ನೋಡುವವರು ಯಾರದ್ದನ್ನೂ ಓದುವುದಿಲ್ಲ.

ಮತ್ತೊಂದು ಜಾತಿಯ ಪ್ರಶಸ್ತಿ ಇದೆ. ನೀವು ಅರ್ಜಿ ಹಾಕದೆಯೇ "ನೀವು ಆಯ್ಕೆಯಾಗಿದ್ದೀರಿ" ಎಂದು ವಾಟ್ಸಾಪ್ ಬರುತ್ತದೆ. ಟ್ರೋಫಿಗೆ, ವೇದಿಕೆಗೆ, ಫೋಟೋಗೆ ಬೇರೆ ಬೇರೆ ದರ. ಊರ ತುಂಬ ಫ್ಲೆಕ್ಸ್ ಹಾಕಿಸಿಕೊಳ್ಳಲು ಸರಿ, ಅರ್ಜಿಯಲ್ಲಿ ಬರೆದರೆ ಇರುವ ಒಳ್ಳೆಯ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಹೋಲಿಸಿ ನೋಡಿ: ರಾಷ್ಟ್ರಪತಿಗಳು ಕೊಡುವ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರಕ್ಕೆ ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಒಂದು ರೂಪಾಯಿಯೂ ಇಲ್ಲ. ಬ್ರಿಟನ್ನಿನ ರಾಜಕುಮಾರಿ ಡಯಾನಾ ಹೆಸರಿನ ಡಯಾನಾ ಅವಾರ್ಡ್‌ಗೆ ಮಗು ತಾನೇ ಹೆಸರು ಕೊಡುವಂತೆಯೇ ಇಲ್ಲ, ಕೆಲಸ ನೋಡಿದ ಹಿರಿಯರು ಸೂಚಿಸಬೇಕು.

ಪಿಯು ಕಾಲೇಜುಗಳಲ್ಲಿ ಅರ್ಜಿಗೆ ಶಿಫಾರಸು ಬರೆಯುವ ಕೌನ್ಸಿಲರ್ ಇರುವುದು ಅಪರೂಪ. ಹಾಗಾಗಿ ಎರಡು ವರ್ಷ ಮಗುವನ್ನು ಹತ್ತಿರದಿಂದ ನೋಡಿದ ತಬಲಾ ಗುರುಗಳೋ ಅವಾರ್ಡ್ ಲೀಡರೋ ಹೆಚ್ಚುವರಿ ಶಿಫಾರಸು ಪತ್ರ ಬರೆಯಬಲ್ಲರು. ಕಾಮನ್ ಆ್ಯಪ್‌ನಲ್ಲಿ ಅನೇಕ ಕಾಲೇಜುಗಳು ಅದಕ್ಕೆ ಅವಕಾಶ ಕೊಡುತ್ತವೆ. ಪತ್ರ ಕೇಳುವುದು ಆಗಸ್ಟ್‌ನಲ್ಲಿ, ಗಣೇಶ ಚೌತಿಯ ಗದ್ದಲಕ್ಕೆ ಮೊದಲು. ಪ್ರಮಾಣಪತ್ರ ಕೈಸೇರುವುದು ತಡವಾಗುವಂತಿದ್ದರೆ, ಯಾವ ವಿಭಾಗ ಯಾವ ತಾರೀಖಿಗೆ ಮುಗಿದಿದೆ ಎಂಬ ಒಂದು ಪುಟದ ಪತ್ರವನ್ನು ಸೆಂಟರ್‌ನ ಲೆಟರ್‌ಹೆಡ್‌ನಲ್ಲಿ ಅಕ್ಟೋಬರ್ ಮೊದಲ ವಾರದೊಳಗೆ ಬರೆಸಿ ಇಟ್ಟುಕೊಳ್ಳಿ.