ಕೌಲ್ ಬಜಾರಿನ ಭಾಯ್ ಹಾಕಿದ ಗ್ಯಾಸ್ ಪೈಪು: ನಾಲ್ಕು ಸ್ಟಾರ್

ಬಳ್ಳಾರಿಯಲ್ಲಿ ಗೀಸರ್ ಯಾಕ್ರೀ ಅಂತ ನಗಬೇಡಿ. ಮೇ ತಿಂಗಳಲ್ಲಿ ನಮ್ಮ ಟ್ಯಾಂಕಿನ ನೀರೇ ಸುಡುತ್ತದೆ, ಒಪ್ಪುತ್ತೇನೆ. ಆದರೆ ಡಿಸೆಂಬರಿನಲ್ಲಿ ಬೆಳಗಿನ 5 ಗಂಟೆಗೇ ತಲೆಗೆ ಎರೆದುಕೊಳ್ಳುವ ಅತ್ತೆ ಮನೆಯಲ್ಲಿದ್ದರೆ ಗೀಸರ್ ಬೇಕೇ ಬೇಕು.

ನಮ್ಮದು ಗಾಂಧಿನಗರ, ಮೊದಲ ಮಹಡಿ. ಗೀಸರಿನ ಸಿಲಿಂಡರ್ ಕೆಳಗೆ ಹಿತ್ತಲಲ್ಲಿ, ಗೀಸರ್ ಮೇಲೆ ಹಿಂದಿನ ಬಾಲ್ಕನಿಯಲ್ಲಿ. ನಡುವೆ 11 ಮೀಟರ್ ತಾಮ್ರದ ಪೈಪು. ಹೋದ ವರ್ಷ ಕೂರಿಸಿದವರು (ಹೆಸರು ಬೇಡ ಬಿಡಿ) 8 ಎಂ.ಎಂ. ಪೈಪ್ ಎಳೆದು ಹೋದರು. ಅವತ್ತಿನಿಂದಲೇ ನೀರು ಉಗುರು ಬೆಚ್ಚಗೆ. ಒಮ್ಮೊಮ್ಮೆ ನಡುವೆಯೇ ಆರಿಬಿಡುತ್ತಿತ್ತು. ಅತ್ತೆ ತಲೆತುಂಬ ಸೀಗೆಪುಡಿ ಹಚ್ಚಿಕೊಂಡು ಒಳಗಿನಿಂದ ಕೂಗುತ್ತಿದ್ದರು. ಸೆಲ್ ಬದಲಿಸಿದೆವು, ರೆಗ್ಯುಲೇಟರ್ ಬದಲಿಸಿದೆವು, ಸಿಲಿಂಡರ್ ಕೂಡ. ಪೈಪಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಎದುರು ಮನೆಯವರು ಈ ಭಾಯ್ ನಂಬರ್ ಕೊಟ್ಟರು. ಹೇಳಿದ ದಿನಕ್ಕೆ ಬರಲಿಲ್ಲ, ಎರಡು ದಿನ ತಡ. ಬಂದವರು ಮೊದಲು ನೋಡಿದ್ದು ಗೀಸರ್ ಎಲ್ಲಿದೆ ಅಂತ. "ಬಚ್ಚಲದಾಗ ಇದ್ದಿದ್ರ ಮೊದ್ಲು ಹೊರಗ ಹಾಕಸ್ತಿದ್ದೆ ಅಕ್ಕಾ" ಅಂದರು. ಸರಿಯಾದ ಮಾತು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೇ ಇಲ್ಲ.

ಆಮೇಲೆ ಗ್ಯಾಸಿನ ಒತ್ತಡ ಅಳೆಯಲು ಚೀಲದಿಂದ ಒಂದು ಹಲಗೆ ತೆಗೆದರು. ಅದಕ್ಕೆ ಯು ಆಕಾರದಲ್ಲಿ ಕಟ್ಟಿದ ಪ್ಲಾಸ್ಟಿಕ್ ನಳಿಗೆ, ಒಳಗೆ ನೀರು, ಪಕ್ಕದಲ್ಲಿ ಅಳತೆಪಟ್ಟಿ. ಗೀಸರಿನ ಹತ್ತಿರ ಪೈಪಿಗೆ ಸಿಕ್ಕಿಸಿದರು. ಎರಡೂ ಕಡೆಯ ನೀರಿನ ಎತ್ತರದ ಅಂತರವೇ ಒತ್ತಡದ ಲೆಕ್ಕ. ಗೀಸರ್ ಬಂದ್ ಇದ್ದಾಗ ಅದು 32 ಸೆಂ.ಮೀ. ನಲ್ಲಿ ತಿರುಗಿಸಿ ಗೀಸರ್ ಹೊತ್ತಿಕೊಂಡ ಕೂಡಲೇ ಸರ್ರನೆ 18ಕ್ಕೆ ಇಳಿಯಿತು. ಮನೆ ರೆಗ್ಯುಲೇಟರ್ ಕೊಡುವುದೇ ಸುಮಾರು 30. ಅದರಲ್ಲಿ ಇಷ್ಟೊಂದು ದಾರಿಯಲ್ಲೇ ಖರ್ಚಾದರೆ ಗೀಸರಿಗೆ ಸಿಗುವುದೇನು? "ಗೀಸರ್‌ದೇನೂ ತಪ್ಪಿಲ್ಲ ಅಕ್ಕಾ, ಪೈಪ್ ಸಣ್ಣದಾತು."

ಲೆಕ್ಕವನ್ನು ನಮ್ಮ ಕ್ಯಾಲೆಂಡರಿನ ಹಿಂದೆಯೇ ಬರೆದು ತೋರಿಸಿದರು. ಗೀಸರಿನ ಮೇಲೆ 12 ಕಿಲೋವ್ಯಾಟ್ ಅಂತಿದೆ. ಪೂರ್ತಿ ಉರಿದರೆ ಗಂಟೆಗೆ 900 ಗ್ರಾಂಗಿಂತ ಜಾಸ್ತಿ ಗ್ಯಾಸ್ ಬೇಕು. 8 ಎಂ.ಎಂ. ಅನ್ನುವುದು ಹೊರಗಿನ ಅಳತೆ, ನಮ್ಮದರ ಒಳಗೆ ಬರೀ 6. ಅವರು ತಂದ 12ರ ಪೈಪಿಗೆ ಒಳಗೆ 10. ಕಣ್ಣಿಗೆ ಒಂಚೂರು ದಪ್ಪ, ಅಷ್ಟೇ. ಆದರೆ ಅಷ್ಟೇ ಗ್ಯಾಸ್ ಹರಿದಾಗ ದಾರಿಯಲ್ಲಿ ಖರ್ಚಾಗುವ ಒತ್ತಡ ಮೊದಲಿನ ಹತ್ತನೇ ಒಂದು ಪಾಲಿಗಿಂತಲೂ ಕಮ್ಮಿ! "ಹಂಗಾದ್ರೆ 15ರದ್ದೇ ಹಾಕಿ" ಅಂದೆ. "ಸುಮ್ನೆ ರೊಕ್ಕ ದಂಡ" ಅಂದರು. ಬೇರೆಯವರಾಗಿದ್ದರೆ ಖುಷಿಯಿಂದ ಹಾಕುತ್ತಿದ್ದರು, ಅಲ್ವಾ? ಎಲ್ಬೋಗಳನ್ನೂ 6ರಿಂದ 3ಕ್ಕೆ ಇಳಿಸಿದರು. ಒಂದೊಂದು ತಿರುವೂ ಒಂದಿಷ್ಟು ಉದ್ದದ ಪೈಪಿಗೆ ಸಮ.

ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿದರು. ಮತ್ತೆ ಅದೇ ಹಲಗೆ ಸಿಕ್ಕಿಸಿದರು. ಗೀಸರ್ ಉರಿಯುತ್ತಿರುವಾಗ 29. ತಾಮ್ರ, ಫಿಟ್ಟಿಂಗ್, ಕೂಲಿ ಸೇರಿ 7,200 ರೂಪಾಯಿ. ಜಾಸ್ತಿಯೇ. ಆದರೆ ಈಗ ಅತ್ತೆ ತಣ್ಣೀರು ಬೆರೆಸಿಕೊಳ್ಳುತ್ತಾರೆ.

ಹಳೆ ಕ್ಲ್ಯಾಂಪಿನ ತೂತುಗಳಿಗೆ ಸಿಮೆಂಟ್ ಮೆತ್ತುತ್ತೇನೆ ಅಂದವರು ಇನ್ನೂ ಬಂದಿಲ್ಲ. ಫೋನ್ ಮಾಡಿದರೆ "ನಾಳೆ ಗ್ಯಾರಂಟಿ ಅಕ್ಕಾ" ಅನ್ನುತ್ತಾರೆ. ಆ ನಾಳೆಗೇ ಒಂದು ಸ್ಟಾರ್ ಕಳೆದಿದ್ದೇನೆ.