ಗುರುತ್ವಕ್ಕಷ್ಟೇ ಮಣಿಯುವ ಉಪಗ್ರಹ: ಪ್ರಬಂಧಕ್ಕೆ ಯಾವುದು?

ಗಾಳಿ, ಬಿಸಿಲುಗಳ ತಳ್ಳುವಿಕೆಯನ್ನು ಆದಷ್ಟು ತಪ್ಪಿಸಿ ಗುರುತ್ವಕ್ಕಷ್ಟೇ ಮಣಿಯುವಂತೆ ರೂಪಿಸಿದ ಲೇಜಿಯೋಸ್, ಗೋಸ್, ಲೀಸಾ ಪಾತ್‌ಫೈಂಡರ್ ಎಂಬ ಮೂರು ನೌಕೆಗಳಲ್ಲಿ ಯಾವುದನ್ನು ಪ್ರಬಂಧಕ್ಕೆ ಆರಿಸಿಕೊಳ್ಳಲಿ ಎಂದು ಪುಣೆಯ ಕೋಥ್ರೂಡಿನ ಕನ್ನಡ ವಿದ್ಯಾರ್ಥಿನಿಯೊಬ್ಬರು ಕೇಳಿದ್ದಾರೆ.

ಬಾಳಿಕೆಯಲ್ಲಿ 1976ರ ಲೇಜಿಯೋಸ್‌ಗೆ ಸಾಟಿಯಿಲ್ಲ. ಎಂಜಿನ್ನೇ ಇಲ್ಲದ, ನೆಲದಿಂದ ಬಿಟ್ಟ ಲೇಸರ್ ಬೆಳಕನ್ನು ಹಿಂದಿರುಗಿಸಿ ದೂರ ಅಳೆಯಲು ನೆರವಾಗುವ 426 ಪ್ರತಿಫಲಕಗಳ ಈ ಭಾರವಾದ ಗೋಳ ಸುಮಾರು 5,900 ಕಿ.ಮೀ. ಎತ್ತರದಲ್ಲಿರುವುದರಿಂದ ಗಾಳಿಯ ತಡೆ ಅತ್ಯಲ್ಪ. ಭೂಫಲಕಗಳ ಚಲನೆ ನಿಮ್ಮ ವಿಷಯವಾದರೆ ಇದೇ ಸಾಕು.

ಗುರುತ್ವದ ಸೂಕ್ಷ್ಮ ನಕ್ಷೆ ಬೇಕಿದ್ದರೆ 2009ರಲ್ಲಿ ಹಾರಿದ ಗೋಸ್ ಮೇಲು. ಆದರೆ ಸುಮಾರು 255 ಕಿ.ಮೀ. ಎತ್ತರದ ಗಾಳಿಯನ್ನು ವಿದ್ಯುದಾವೇಶದ ಕಣಗಳನ್ನು ಚಿಮ್ಮಿಸುವ ಅಯಾನ್ ಎಂಜಿನ್ನಿನಿಂದ ಎದುರಿಸುತ್ತಿದ್ದ ಅದು, ಆ ಎಂಜಿನ್ನಿಗೆ ಬೇಕಾದ ಕ್ಸೆನಾನ್ ಅನಿಲ ಮುಗಿದೊಡನೆ 2013ರಲ್ಲಿ ಬಿತ್ತು.

ನನ್ನ ಒಲವು ಪಾತ್‌ಫೈಂಡರ್ ಕಡೆಗೆ. 46 ಮಿ.ಮೀ. ಅಂಚಿನ ಎರಡು ಚಿನ್ನ-ಪ್ಲಾಟಿನಂ ಘನಗಳು ಎಲ್ಲಿಯೂ ತಾಗದೆ ಒಳಗೆ ತೇಲುತ್ತಿದ್ದರೆ, ಬಿಸಿಲಿನ ಒತ್ತಡವನ್ನು ತಾನೇ ಸಹಿಸಿಕೊಂಡು ನೌಕೆ ಅವುಗಳನ್ನು ಹಿಂಬಾಲಿಸುತ್ತಿತ್ತು. ಗುರುತ್ವ ತರಂಗಗಳ, ಅಂದರೆ ದೇಶಕಾಲದಲ್ಲಿ ಏಳುವ ಅಲೆಗಳ, ಅಧ್ಯಯನಕ್ಕೆ ಇದು ಸೂಕ್ತ, ಗಣಿತ ಮಾತ್ರ ಕಠಿಣ.